ಬ್ರೌಸರಿನಲ್ಲಿ ಬೀದರ್

ಹಾವೇರಿಯ ಒಂದು ಬೀಜ ಸಂಘದಲ್ಲಿ ಒಬ್ಬ ಗುಮಾಸ್ತನಿದ್ದ. ಅವನ ಹೆಂಡತಿಗೆ ಪಾರ್ಶ್ವವಾಯು ಬಡಿದಿತ್ತು. ದಿನಾ ಮಧ್ಯಾಹ್ನ ಮನೆಗೆ ಹೋಗಿ, ಅವಳ ಕೈ ಹಿಡಿದು ಹೆಜ್ಜೆ ಹಾಕಿಸುತ್ತಿದ್ದ.

ಹೊಸ ಸಾಹೇಬರು ಸಭೆಯಲ್ಲಿ ಮೇಜು ಕುಟ್ಟಿದರು. "ಕಂಪ್ಯೂಟರಿಗೊಂದು ಸಾಫ್ಟ್‌ವೇರ್ ಹಾಕುವ ಕಾಲ ಮುಗಿಯಿತು. ಇನ್ನು ಎಲ್ಲವೂ ವೆಬ್‌ನಲ್ಲಿ. ಬ್ರೌಸರ್ ತೆರೆದರೆ ಸಾಕು, ಎಲ್ಲಿ ಕೂತರೂ ಕೆಲಸ!"

ಮರುದಿನವೇ ಗುಮಾಸ್ತನ ಕೈಗೆ ಆದೇಶ ಬಂತು. ಸೋಮವಾರದಿಂದ ಬೀದರಿಗೆ ಹೋಗಿ ಅಲ್ಲಿನ ಶಾಖೆಯ ದಾಸ್ತಾನು ಅವನೇ ನೋಡಬೇಕು. ಬೀದರಿಗೆ ಹೋದರೆ ಅವಳನ್ನು ನಡೆಸುವವರು ಯಾರು?

ಸೋಮವಾರ ಸಂಜೆಯೊಳಗೆ ಬೀದರಿನ ದಾಸ್ತಾನಿನ ಲೆಕ್ಕ ತಪ್ಪಿಲ್ಲದೆ ಸಾಹೇಬರ ಕಂಪ್ಯೂಟರ್ ತೆರೆಯ ಮೇಲೆ ಮೂಡಿತು. ಮೆಚ್ಚಿದ ಸಾಹೇಬರು ಕೋಣೆಯಿಂದ ಹೊರಗೆ ಬಂದು ನೋಡಿದರೆ, ಗುಮಾಸ್ತ ಹಳೆಯ ಕುರ್ಚಿಯಲ್ಲೇ ಕೂತಿದ್ದ.

"ಏನ್ರೀ, ಬೀದರಿಗೆ ಹೋಗಲಿಲ್ವಾ?"

"ಮುಂಜಾನೇನ ಹೋಗೀನ್ರಿ ಸಾಹೇಬ್ರ, ಬ್ರೌಸರ್ ತೆರದು. ಎಲ್ಲಿ ಕೂತರೂ ಕೆಲಸ ಅಂದವರು ನೀವ ಅಲ್ರೀ?"

ಸಾಹೇಬರ ಮುಖ ಕೆಂಪಾಯಿತು. "ಹಾಗಾದರೆ ಮಧ್ಯಾಹ್ನ ಈ ಕುರ್ಚಿ ಖಾಲಿ ಇತ್ತಲ್ಲ, ಎಲ್ಲಿ ಮಾಯವಾಗಿದ್ರಿ?"

"ಹೆಂಡ್ತಿ ಕೈ ಹಿಡದು ನಡಸಾಕ ಮನೀಗೆ ಹೋಗಿದ್ದೆ. ಅದೊಂದು ಕೆಲಸ ವೆಬ್‌ನಾಗ ಆಗೂದಿಲ್ರಿ."

ಸಾಹೇಬರು ಆದೇಶದ ಕಾಗದವನ್ನು ಕೇಳಿ ಪಡೆದು, ಮಡಚಿ ತಮ್ಮ ಜೇಬಿಗಿಟ್ಟುಕೊಂಡರು.

"ಈಗ ಎಷ್ಟು ಹೆಜ್ಜೆ ಹಾಕ್ತಾರೆ?"

"ಇವತ್ತು ಹನ್ನೊಂದು, ಸಾಹೇಬ್ರ."