ಉಸಿರು ಉಳಿಸಿಕೊಂಡ ತಿಪ್ಪವ್ವ

ಕೇಳಿ ಮಕ್ಕಳೇ, ಮೂರು ಗುಡ್ಡಗಳ ಒಂದು ರಾಜ್ಯವಿತ್ತು. ಗುಡ್ಡದ ಮೇಲೆ ನಿಂತು ಊದಿದ್ದು ಮಾತ್ರ ಕೆಳಗಿನ ಊರಿಗೆ ಕೇಳುತ್ತಿತ್ತು. ಗುಡ್ಡಗಳ ಮೇಲೆ ಮೊದಲ ಹಕ್ಕು ಅರಮನೆಯ ಡೋಲಿನದು. ಡೋಲು ಸುಮ್ಮನಿದ್ದಾಗ ಬಡವರು ತಮ್ಮ ಕೊಂಬು ಊದಿಕೊಳ್ಳಬಹುದು. ಹತ್ತಿದ ಗುಡ್ಡದಲ್ಲಿ ಡೋಲು ಕೇಳಿಸಿತೋ, ಮರುಮಾತಿಲ್ಲದೆ ಇಳಿದು ಬೇರೆ ಗುಡ್ಡ ಹುಡುಕಬೇಕು. ಕಟ್ಟಳೆ ಹಾಗಿತ್ತು. ಒಳ್ಳೆಯ ಕಟ್ಟಳೆಯೇ.

ಆ ರಾಜ್ಯದ ದೊಡ್ಡ ಕೆರೆ ಕಾಯುವವಳು ತಿಪ್ಪವ್ವ. ಒಂದು ಮಧ್ಯಾಹ್ನ ಏರಿಯ ಮೇಲೆ ನಡೆಯುವಾಗ ಅವಳ ಕಾಲಡಿ ಮಣ್ಣು ಕುಸಿಯಿತು. ಬಿರುಕಿನಿಂದ ಕೆಸರುನೀರು ಜಿನುಗುತ್ತಿತ್ತು. ಏರಿ ಸಂಜೆಯವರೆಗೆ ತಡೆಯುವುದೇ ಕಷ್ಟ. ಕೆಳಗೆ ತಗ್ಗಿನಹಳ್ಳಿ. ಅಲ್ಲಿ ತೊಟ್ಟಿಲ ಕೂಸುಗಳು, ಎದ್ದು ಓಡಲಾರದ ಮುದುಕರು.

ತಿಪ್ಪವ್ವ ಕೊಂಬು ಹಿಡಿದು ಮೊದಲ ಗುಡ್ಡ ಹತ್ತಿದಳು. ತುಟಿಗಿಡುವಷ್ಟರಲ್ಲಿ ಡೋಲು ಬಡಿಯಿತು. ಇಳಿದಳು. ಎರಡನೇ ಗುಡ್ಡಕ್ಕೆ ಓಡಿದಳು. ಅಲ್ಲೂ ಡೋಲು. ಇಳಿದಳು. ಮೂರನೆಯದಕ್ಕೆ ಬಿದ್ದೆದ್ದು ಓಡಿದಳು. ಅಲ್ಲೂ ಡೋಲು! ಕಟ್ಟಳೆ ಮೀರಿಯಾದರೂ ಸರಿ ಎಂದು ಕೊಂಬು ಬಾಯಿಗಿಟ್ಟಳು. ಬರೀ ಗಾಳಿ ಬಂತು. ಎದೆಯ ಉಸಿರೆಲ್ಲ ಓಟಕ್ಕೇ ಖರ್ಚಾಗಿತ್ತು, ಕೊಂಬಿಗೆ ಉಳಿದಿರಲಿಲ್ಲ.

ಬಂಡೆಯ ಮರೆಯಲ್ಲಿ ಕೂತು ಅತ್ತಳು. ಅಳು ನಿಂತ ಮೇಲೆ ಡೋಲಿಗೆ ಕಿವಿಗೊಟ್ಟಳು.

"ನಾನು ಯಾವ ಗುಡ್ಡಕ್ಕೆ ಹೋಗ್ತೀನಿ ಅಂತ ಅರಮನೆ ಡೋಲಿಗೆ ಹ್ಯಾಗೆ ಗೊತ್ತು? ಇದು ನನ್ನ ಹಿಂದೇ ಓಡಿ ಬರ್ತೈತೆ. ತಾಳಾನೂ ಏದುಸಿರು ಬಿಡ್ತೈತೆ!"

ನಿಜವೇ. ಪೊದೆಯಲ್ಲಿ ಅಡಗಿದ್ದವನು ಬೇಟೆಗಾರ ದುರುಗ. ಸಂಗಡಿಗರನ್ನು ಕರೆಯಲು ಗುಡ್ಡಗಳೆಲ್ಲ ತನಗೊಬ್ಬನಿಗೇ ಬೇಕೆಂದು ಅರಮನೆಯ ತಾಳ ಕಲಿತಿದ್ದ. ಹತ್ತಿದವರನ್ನೆಲ್ಲ ಡೋಲು ಬಡಿದು ಓಡಿಸುತ್ತಿದ್ದ. ಎಂಥ ಪಾಪಿ ನೋಡಿ!

ತಿಪ್ಪವ್ವ ಮತ್ತೆ ಓಡಲಿಲ್ಲ. ಬಂಡೆಯ ಹಿಂದೆ ಕತ್ತೆಯೊಂದು ಮೇಯುತ್ತಿತ್ತು. ಅದಕ್ಕೆ ತಾನು ಹೊದ್ದಿದ್ದ ಕಂಬಳಿ ಹೊದಿಸಿ, ಮೊದಲ ಗುಡ್ಡದ ಕಡೆಗೆ ಅಟ್ಟಿದಳು. ಆಳೆತ್ತರದ ಹುಲ್ಲಿನ ಸಂದಿಯಲ್ಲಿ ಕಂಬಳಿಯಷ್ಟೇ ಕಂಡಿತು. ತಿಪ್ಪವ್ವನೇ ಹೋಗುತ್ತಿದ್ದಾಳೆಂದು ದುರುಗ ಡೋಲು ಹೆಗಲಿಗೇರಿಸಿ ಅದರ ಹಿಂದೆ ಓಡಿದ.

ತಿಪ್ಪವ್ವ ಕೂತಲ್ಲೇ ಉಸಿರು ತುಂಬಿಕೊಂಡಳು. ಮತ್ತೊಮ್ಮೆ ಆಲಿಸಿದಳು. ಗುಡ್ಡ ಖಾಲಿಯಾಗಿತ್ತು. ಎದ್ದು ನಿಂತು ಅಪಾಯದ ಕರೆಯನ್ನು ಮೂರು ಸಲ ಊದಿದಳು.

ತಗ್ಗಿನಹಳ್ಳಿ ಎದ್ದು ದಿಬ್ಬ ಹತ್ತಿತು. ತಿಪ್ಪವ್ವನೂ ಗುಡ್ಡ ಇಳಿದು ಅಲ್ಲಿಗೆ ಬಂದಳು. ಹೊತ್ತು ಮುಳುಗುವಾಗ ಏರಿ ಒಡೆಯಿತು. ಮನೆಗಳೆಲ್ಲ ಹೋದವು. ಜೀವ ಒಂದೂ ಹೋಗಲಿಲ್ಲ.

ಏರಿ ಒಡೆದ ಸದ್ದು ಕೇಳಿ ದುರುಗ ದಿಬ್ಬಕ್ಕೆ ಓಡಿಬಂದ. ಆ ಊರಲ್ಲೇ ಅವನ ಕುರುಡಿ ತಾಯಿ ಇದ್ದಳು. ಯಾರದೋ ಬೆನ್ನ ಮೇಲಿಂದ ಇಳಿದು ಕೂತಿದ್ದಳು.

"ನಂಗೆ ಗೊತ್ತಿರ್ಲಿಲ್ಲ ತಿಪ್ಪವ್ವ," ಎಂದು ದುರುಗ ಕಾಲಿಗೆ ಬಿದ್ದ.

"ಡೋಲು ನಿಲ್ಸಿ ಒಂದು ಗಳಿಗೆ ಕೇಳಿದ್ರೆ ಗೊತ್ತಾಗ್ತಿತ್ತು ಕಣೋ," ಎಂದಳು ತಿಪ್ಪವ್ವ.

ಅದಕ್ಕೇ ಹೇಳೋದು ಮಕ್ಕಳೇ, ಇರುವ ಉಸಿರನ್ನೆಲ್ಲ ಓಟಕ್ಕೆ ಸುರಿಯಬೇಡಿ. ಮೊದಲು ಕೇಳಿ, ಆಮೇಲೆ ಹೆಜ್ಜೆ ಇಡಿ. ಎಲ್ಲರ ದಾರಿಯನ್ನು ಸುಳ್ಳು ಸದ್ದಿನಿಂದ ಕಬಳಿಸುವವನು ತನ್ನ ತಾಯಿಯನ್ನು ಉಳಿಸುವ ಕೂಗನ್ನೂ ಮುಚ್ಚಿಬಿಡುತ್ತಾನೆ.