ಅರಸನಿಗೆ ಗೊತ್ತಿರದ ಹೆಸರು

ಫ್ರಾಂಕರ ರಾಜ್ಯ ಮುಗಿದು ಸ್ಲಾವ್ ಕುಲಗಳ ಕಾಡು ತೊಡಗುವಲ್ಲಿ, ಗಡಿಯ ನದಿಯ ಆಚೆ ದಡದಲ್ಲಿ, ಪೂಜ್ಯ ಮಾತೆ ರತ್ಲಿಂದರ ಗುಡಿಸಲಿತ್ತು. ಮಾತೆಯವರು ಫ್ರಾಂಕರ ಸಿರಿವಂತ ಮನೆತನದಲ್ಲಿ ಹುಟ್ಟಿದವರು. ಆದರೂ ಪ್ರಭು ದೇವರ ಕರೆಗೆ ಓಗೊಟ್ಟು ಹೊಳೆ ದಾಟಿ ಬಂದು, ಯಾರೂ ಮುಟ್ಟದ ರೋಗಿಗಳ ಹುಣ್ಣು ತೊಳೆಯುತ್ತ, ಅವರು ಉಂಡು ಉಳಿದದ್ದನ್ನು ಉಣ್ಣುತ್ತ ಹದಿನೇಳು ವರ್ಷ ಅಲ್ಲಿಯೇ ಬಾಳಿದರು. ಗುಡಿಸಲಿನ ಮಣ್ಣುನೆಲ ಮಾತ್ರ ಅರಮನೆಯಲ್ಲೂ ಕಾಣದಷ್ಟು ಚೊಕ್ಕಟವಾಗಿರುತ್ತಿತ್ತು. ಬಡವರ ಮನೆ ಕೊಳಕಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಒಂದು ಮುಂಜಾನೆ ಅಲ್ಲಿಗೆ ಕುಲದ ಅರಸ ನೆಗೋಮೀರ ಬಂದನು. ತಲೆ ಬಗ್ಗಿಸದೆ ಒಳಗೆ ಹೋಗಲಾಗದ ತಗ್ಗು ಬಾಗಿಲು. ಅವನು ಹೊರಗೇ ನಿಂತನು.

ಅವನನ್ನು ಅಲ್ಲಿಗೆ ಅಟ್ಟಿದ್ದು ಅವನದೇ ಕುಯುಕ್ತಿ. ಎರಡು ವರ್ಷದ ಹಿಂದೆ ಫ್ರಾಂಕರೊಡನೆ ಸಂಧಿಯಾದಾಗ, ಮಾತು ಉಳಿಸಿಕೊಳ್ಳುವುದಕ್ಕೆ ಒತ್ತೆಯಾಗಿ ಅರಸನ ತಮ್ಮನನ್ನು ಕಳುಹಿಸಬೇಕೆಂದು ಅವರ ಗಡಿನಾಯಕ ಕೇಳಿದ್ದನು. ತಮ್ಮ ಸ್ತಾನಿಮೀರನೆಂದರೆ ಅರಸನಿಗೆ ಬಲಗೈ. ಅವನನ್ನು ಕಳುಹಿಸಲು ಮನಸ್ಸು ಬರಲಿಲ್ಲ. ಆ ದಿನವೇ ಕೋಟೆಗೆ ಮೇಣ ಹೊತ್ತು ತಂದಿದ್ದ ಜೇನು ಕೀಳುವವನೊಬ್ಬ ಕಣ್ಣಿಗೆ ಬಿದ್ದನು. ಆ ಕುಲದಲ್ಲಿ ಒಂದೇ ರೊಟ್ಟಿಯನ್ನು ಮುರಿದು ತಿಂದು, ಸೊಂಟಪಟ್ಟಿಗಳನ್ನು ಅದಲುಬದಲು ಮಾಡಿಕೊಂಡ ಇಬ್ಬರು ಒಡಹುಟ್ಟಿದವರಿಗೆ ಸಮ. ಒಬ್ಬನ ತಾಯಿ ಇನ್ನೊಬ್ಬನಿಗೂ ತಾಯಿ. ಅರಸ ಹಿರಿಯರ ಮುಂದೆ ಆ ಜೇನಿನವನೊಡನೆ ಅವಸರದಲ್ಲಿ ಆ ಶಾಸ್ತ್ರ ಮುಗಿಸಿ, ಅವನಿಗೆ ರೇಷ್ಮೆ ಉಡಿಸಿ, ಸ್ತಾನಿಮೀರನೆಂದು ಹೇಳಿ ಫ್ರಾಂಕರ ಕೈಗೆ ಒಪ್ಪಿಸಿದನು. ಜಾಣತನ ಮಾಡಿದೆನೆಂದು ಅಂದು ರಾತ್ರಿ ನಕ್ಕದ್ದೂ ಉಂಟು.

ಈಗ ಗುಟ್ಟು ಗಾಳಿಗೆ ಬಿದ್ದಿತ್ತು. ಗಡಿನಾಯಕ ಹೇಳಿಕಳುಹಿಸಿದ್ದನು: "ಇವನು ನಿನ್ನ ತಮ್ಮನೆಂದು ಮಾತೆ ರತ್ಲಿಂದರು ಬರೆದುಕೊಡಲಿ, ನಂಬುತ್ತೇವೆ. ಇಲ್ಲವಾದರೆ ಇವನ ತಲೆ ಉರುಳುತ್ತದೆ, ನಮ್ಮ ದಂಡು ಹೊಳೆ ದಾಟುತ್ತದೆ."

ಒಳಗೆ ಮಾತೆಯವರು ಕಣ್ಣು ಕಾಣದ ಒಬ್ಬ ಮುದುಕಿಯ ಕಾಲು ತೊಳೆಯುತ್ತಿದ್ದರು. ಅರಸ ಹೊರಗಿನಿಂದಲೇ ಕೂಗಿ ತನ್ನ ಬೇಡಿಕೆಯನ್ನು ಹೇಳಿದನು. ಮಾತೆಯವರು ಕೈ ಒರೆಸಿಕೊಂಡು ಬಾಗಿಲಿಗೆ ಬಂದರು.

"ಅವರೊಡನೆ ರೊಟ್ಟಿ ಮುರಿದಿರಾ, ಅರಸರೇ?"

"ಮುರಿದೆ, ತಾಯೀ. ಪಟ್ಟಿಯನ್ನೂ ಕೊಟ್ಟೆ. ನಮ್ಮ ಹಿರಿಯರನ್ನೇ ಕೇಳಿ."

"ಹಾಗಾದರೆ ಅವರು ನಿಮ್ಮ ತಮ್ಮ. ಬರೆದುಕೊಡುತ್ತೇನೆ."

ಇಷ್ಟು ಸುಲಭವಾಗಿ ಕೆಲಸವಾಗುತ್ತದೆಂದು ಅರಸ ಎಣಿಸಿರಲಿಲ್ಲ. ಮಾತೆಯವರು ತೊಗಲಿನ ಹಾಳೆಯನ್ನು ಮೊಣಕಾಲ ಮೇಲೆ ಹಾಸಿಕೊಂಡು ಗರಿಯನ್ನು ಮಸಿಯಲ್ಲಿ ಅದ್ದಿದರು.

"ಹೆಸರು ಹೇಳಿ."

"ಸ್ತಾನಿಮೀರ."

"ಅದು ನಿಮ್ಮ ಬೆನ್ನಿಗೆ ಹುಟ್ಟಿದವರ ಹೆಸರು. ರೊಟ್ಟಿ ತಿಂದವರ ಹೆಸರು ಕೇಳಿದೆ."

ಅರಸ ಬಾಯಿ ತೆರೆದನು. ಅಗಲವಾದ ಹೆಗಲು, ಜೇನುಹುಳ ಕಚ್ಚಿ ಊದಿದ ಕೈಗಳು, ರೊಟ್ಟಿ ಮುರಿಯುವಾಗ ಆ ಮುಖದಲ್ಲಿದ್ದ ನಾಚಿಕೆಯ ನಗು, ಎಲ್ಲವೂ ನೆನಪಿಗೆ ಬಂತು. ಹೆಸರು ಬರಲಿಲ್ಲ. ಬರುವುದಾದರೂ ಹೇಗೆ? ಅವನು ಅದನ್ನು ಕೇಳಿಯೇ ಇರಲಿಲ್ಲ. ಹಿಂದೆ ನಿಂತಿದ್ದ ಕತ್ತಿಯಾಳಿನ ಕಡೆ ತಿರುಗಿದನು.

"ನನಗೇನು ಗೊತ್ತು, ಒಡೆಯಾ? ನಾವೆಲ್ಲ ಅವನನ್ನು ಕರಡಿ ಅಂತಲೇ ಕರೆಯುತ್ತಿದ್ದೆವು. ಜೇನಿನ ಹಿಂದೆ ಬಿದ್ದವನಲ್ಲವೇ!" ಎಂದು ಆಳು ಕಿಸಕ್ಕನೆ ನಕ್ಕನು. ಜೊತೆಗೆ ನಗುವವರು ಯಾರೂ ಇಲ್ಲವೆಂದು ಕಂಡು ಬಾಯಿ ಮುಚ್ಚಿದನು.

ಮಾತೆಯವರು ಗದರಿಸಲಿಲ್ಲ. ಗರಿಯನ್ನು ಹಿಡಿದುಕೊಂಡೇ ಕಾದರು. ಮಸಿ ಒಣಗಿತು. ಇನ್ನೊಮ್ಮೆ ಅದ್ದಿಕೊಂಡು ಮತ್ತೆ ಕಾದರು.

ಆಗ ಒಳಗಿನ ಮುದುಕಿ ಮಾತಾಡಿದಳು. "ಕರಡಿಯಲ್ಲಪ್ಪಾ, ಬೊಜಾತ. ನನ್ನ ಮಗ ಬೊಜಾತ. ಬಾಗಿಲಲ್ಲಿರುವುದು ದೊಡ್ಡವನೇ? ಬಂದೆಯಾ, ಮಗಾ? ಪಟ್ಟಿ ಬದಲಾಯಿಸಿದರು ಅಂತ ಕೇಳಿದ ದಿನದಿಂದ ದಾರಿ ಕಾಯುತ್ತಿದ್ದೇನೆ. ಅರಸನಿಗೆ ನೂರು ಕೆಲಸ, ಪುರಸೊತ್ತಾದಾಗ ಬರುತ್ತಾನೆ ಅಂತ ಈ ತಾಯಿಯವರ ಹತ್ತಿರವೂ ಹೇಳುತ್ತಿದ್ದೆ. ಕೇಳು ಬೇಕಾದರೆ."

ನೆಗೋಮೀರನ ಮುಖ ಕಿವಿಯವರೆಗೂ ಕೆಂಪಾಯಿತು. ತಾಯಿಯಾದವಳಿಗೆ ಮಗನೆನಿಸಿಕೊಂಡವನು ಚಳಿಗಾಲಕ್ಕೆ ಸೌದೆ ಹಾಕಿಸಬೇಕು, ಸುಗ್ಗಿಯ ಮೊದಲ ಹಿಟ್ಟು ಕಳುಹಿಸಬೇಕು. ಅವನ ಕೋಟೆಯ ಕುದುರೆಗಳಿಗೂ ಬಾರ್ಲಿ ಇತ್ತು. ಈಕೆ ಮಾತ್ರ ಪರರಾಜ್ಯದ ಸನ್ಯಾಸಿನಿಯ ಕೈಯ ಗಂಜಿ ಕುಡಿದು ಬದುಕಿದ್ದಳು. ಅವನು ತಲೆ ಬಗ್ಗಿಸಿ ಒಳಗೆ ಹೋದನು. ಮುದುಕಿ ತಡಕಾಡಿ ಅವನ ಗಲ್ಲವನ್ನು ಮುಟ್ಟಿದಳು.

"ನೀನೂ ಬಡವಾಗಿದ್ದೀಯಲ್ಲೋ," ಎಂದಳು.

ಅವನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತನು.

ಬಹಳ ಹೊತ್ತಾದ ಮೇಲೆ ಮಾತೆಯವರು ಕೇಳಿದರು: "ಬೊಜಾತ ಎಂದು ಬರೆಯಲೇ, ಅರಸರೇ?"

"ಬೇಡ, ತಾಯೀ. ಪತ್ರ ಬೇಡ. ನಾನೇ ಹೋಗುತ್ತೇನೆ."

ಅವನು ಕತ್ತಿಯನ್ನು ಆಳಿಗೆ ಕೊಟ್ಟು, ಕುಲದ ಹೊಣೆಯನ್ನು ಸ್ತಾನಿಮೀರನಿಗೆ ಹೇಳಿಕಳುಹಿಸಿ, ಒಬ್ಬನೇ ಹೊಳೆ ದಾಟಿದನು. ಫ್ರಾಂಕರ ಸಭೆಯಲ್ಲಿ ತಾನು ಮಾಡಿದ್ದನ್ನೆಲ್ಲ ಬಿಡಿಸಿ ಹೇಳಿ, ಬೊಜಾತನ ಬದಲು ತನ್ನನ್ನು ಇಟ್ಟುಕೊಳ್ಳಿರೆಂದು ಬೇಡಿದನು. ಗಡಿನಾಯಕ ಮೊದಲು ಸಿಟ್ಟಾದನು; ಆಮೇಲೆ, ಸ್ವತಃ ಅರಸನೇ ಒತ್ತೆಯಾಗುವನೆಂದಾಗ ಒಪ್ಪಿದನು. ಬೊಜಾತನನ್ನು ಕರೆತಂದರು. ನೆಗೋಮೀರ ಅವನ ಪಾದಗಳನ್ನೇ ನೋಡುತ್ತ ನಿಂತನು.

"ಅಮ್ಮ ಹೇಗಿದ್ದಾಳೆ, ಅಣ್ಣಾ?" ಎಂದು ಬೊಜಾತ ಕೇಳಿದನು. 

ನೆಗೋಮೀರ ನಾಲ್ಕು ಚಳಿಗಾಲ ಅಲ್ಲಿಯೇ ಒತ್ತೆಯಿದ್ದು, ಜ್ಞಾನಸ್ನಾನ ಪಡೆದು ಕ್ರೈಸ್ತನಾಗಿ, ಸಂಧಿ ಗಟ್ಟಿಯಾದ ಮೇಲೆ ಮರಳಿದನು. ಮುಂದೆ ಮುಪ್ಪಿನವರೆಗೂ ತನ್ನ ಮನೆಗೆ ಬಂದ ಅತಿಥಿಗಳಿಗೆ ಈ ಸಂಗತಿಯನ್ನು ತಾನೇ ಹೇಳುತ್ತಿದ್ದನು. ಅರಸನ ಮಾನ ಉಳಿಸಲೆಂದು ಆಸ್ಥಾನದವರು ಯಾರಾದರೂ ನಡುವೆ ಬಾಯಿ ಹಾಕಿ, ಹೊಳೆ ದಾಟಿದಲ್ಲಿಂದ ಕಥೆ ಎತ್ತಿಕೊಂಡರೆ, ಕೈಯೆತ್ತಿ ಅವರನ್ನು ನಿಲ್ಲಿಸುತ್ತಿದ್ದನು.

"ಅದಕ್ಕೆ ಮುಂಚೆ ಒಂದಿದೆ," ಎನ್ನುತ್ತಿದ್ದನು. "ಮಾತೆಯವರು ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ."