ಶೇವಂತಿಯ ಎರಡನೇ ಜಿಗಿತ

ದಸ್ತಗೀರ್ ಉಸ್ತಾದರು ಸರ್ಕಸ್ಸು ಬಿಟ್ಟು, ಹೊಳೆದಂಡೆಯ ಊರೊಂದರಲ್ಲಿ ನೆಲೆಸಿ ಬಹಳ ವರ್ಷಗಳಾಗಿದ್ದವು. ಜೋಕಾಲಿಯ ಕೋಲಿಗೆ ಮಂಡಿ ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತ, ಎದುರಿನಿಂದ ಹಾರಿ ಬರುವವರ ಕೈ ಹಿಡಿಯುವುದು ಅವರ ಕೆಲಸವಾಗಿತ್ತು. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರು.

ಒಂದು ಬೆಳಿಗ್ಗೆ ನೀಲಗಂಗಾ ಎಂಬ ನಾಟಕದವಳು ಅವರನ್ನು ಹುಡುಕಿಕೊಂಡು ಬಂದಳು. ಹಾಡು ಕಟ್ಟುವುದು, ನಾಟಕ ಆಡಿಸುವುದು, ತಾನೂ ಬಣ್ಣ ಹಚ್ಚಿ ಆಡುವುದು ಅವಳ ಕಸುಬು.

"ಉಸ್ತಾದರೇ, ನಿಮ್ಮ ಕಥೆಯನ್ನು ಹಾಡಿನ ನಾಟಕ ಮಾಡಬೇಕು ಅಂತಿದ್ದೀನಿ. ಜೋಕಾಲಿ ವಿದ್ಯೆಯನ್ನೂ ನೀವೇ ಕಲಿಸಿಕೊಡಬೇಕು."

"ಯಾವ ಕಥೆ?"

"ನಿಮ್ಮ ಜೊತೆ ಹಾರುತ್ತಿದ್ದ ಶೇವಂತಿಯವರು ಬಿದ್ದ ಕಥೆ."

ಉಸ್ತಾದರು ನಕ್ಕರು. "ಅದನ್ನ ಸಿನಿಮಾದವರು ಆಗಲೇ ತೆಗೆದಿದ್ದಾರಲ್ಲವ್ವ."

ಆ ಸಿನಿಮಾ ನೀಲಗಂಗಾಳಿಗೆ ಬಾಯಿಪಾಠವಾಗಿತ್ತು. ಹೊಟ್ಟೆಕಿಚ್ಚಿನಲ್ಲಿ ನಾಯಕ ಕೈ ಸಡಿಲಿಸುತ್ತಾನೆ. ಹಾರುವ ಹುಡುಗಿ ನಿಧಾನವಾಗಿ ಬೀಳುತ್ತಾಳೆ. ಬೀಳುವಷ್ಟು ಹೊತ್ತೂ ಹಿಂದೆ ಹಾಡು.

"ನಾನು ಎರಡು ಸಲ ನೋಡಿ, ಎರಡು ಸಲವೂ ಅತ್ತಿದ್ದೀನಿ," ಅಂದಳು.

"ಶೇವಂತಿಯೂ ನೋಡಿದಳು. ಟಾಕೀಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಪರದೆ ಮೇಲೆ ತಾನು ಸಾಯ್ತಿರುವಾಗ ಶೇಂಗಾ ಸುಲಿದು ನನಗೂ ಒಂದು ಹಿಡಿ ಕೊಟ್ಟಳು."

ನೀಲಗಂಗಾ ಬರೆಯುವುದನ್ನು ನಿಲ್ಲಿಸಿದಳು. "ಹಾಗಾದರೆ ಅವರು ಸಾಯಲಿಲ್ಲವೇ?"

"ಬಲೆಗೆ ಬಿದ್ದಳು. ಭುಜದ ಮೂಳೆ ಮುರೀತು."

"ನೀವು ಕೈ ಬಿಟ್ಟದ್ದು?"

"ಬೆವರಿತ್ತು. ಜಾರಿತು."

"ಅಷ್ಟೇನಾ?"

ತನ್ನ ದನಿಯಲ್ಲಿದ್ದ ನಿರಾಸೆ ಕೇಳಿ ಅವಳಿಗೇ ನಾಚಿಕೆಯಾಯಿತು. ಉಸ್ತಾದರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಅಷ್ಟೇ," ಅಂದರು. "ಮೂರು ತಿಂಗಳು ಬಿಟ್ಟು ಮತ್ತೆ ಏಣಿ ಹತ್ತಿದಳು. ಹಾರಿದಳು. ಹಿಡಿದೆ."

"ಯಾವ ಕೈ ಜಾರಿತ್ತೋ ಅದೇ ಕೈಗೆ ಹಾರಿದರಾ?"

"ಬೇರೆ ಕೈ ಇರಲಿಲ್ಲ."

ನೀಲಗಂಗಾ ಅದುವರೆಗೆ ಬರೆದಿದ್ದ ಹಾಳೆಗಳನ್ನು ಹರಿದು ಹಾಕಿದಳು. ಹೊಸ ಹಾಳೆಯ ಮೇಲೆ 'ಎರಡನೇ ಜಿಗಿತ' ಎಂದು ಬರೆದಳು.

ಮರುದಿನದಿಂದ ಪಾಠ ಶುರುವಾಯಿತು. ಊರಾಚೆ ಒಂದು ಖಾಲಿ ಗೋದಾಮು ಇತ್ತು. ಅದರ ತೊಲೆಗೆ ಉಸ್ತಾದರು ಎರಡು ಜೋಕಾಲಿ ಕಟ್ಟಿಸಿದರು, ಕೆಳಗೆ ದಪ್ಪ ಹಾಸಿಗೆಗಳನ್ನು ಹಾಸಿಸಿದರು. ಶೇವಂತಿಯ ಪಾತ್ರ ನೀಲಗಂಗಾಳದ್ದು. ಹಿಡಿಯುವವನ ಪಾತ್ರ ಅವಳ ತಂಡದ ಬಸಲಿಂಗನದು.

ಬಸಲಿಂಗ ಹತ್ತೇ ದಿನಕ್ಕೆ ತಲೆಕೆಳಗಾಗಿ ತೂಗುವುದನ್ನು ಕಲಿತ. ನೀಲಗಂಗಾ ತೂಗಲು ಕಲಿತಳು, ಬೀಳಲು ಕಲಿತಳು. ಎದುರಿನ ಕೈಗೆ ಹಾರಲು ಕೋಲು ಬಿಡುವುದನ್ನು ಮಾತ್ರ ಕಲಿಯಲಿಲ್ಲ. ಆ ಕ್ಷಣ ಬಂದಾಗಲೆಲ್ಲ ಬೆರಳು ಇನ್ನಷ್ಟು ಬಿಗಿಯುತ್ತಿದ್ದವು.

ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಆ ಜಾಗಕ್ಕೆ ಒಂದು ಹಾಡು ಕಟ್ಟಿದಳು. ಒಂಬತ್ತು ಚರಣ. ಹಾಡುತ್ತ ಹಾಡುತ್ತ ತೂಗಿ, ಕೊನೆಯ ಸಾಲಿಗೆ ಕಣ್ಣು ಮುಚ್ಚಿ ಕೋಲು ಬಿಟ್ಟಳು. ಬಸಲಿಂಗ ಹೇಗೋ ಅವಳ ಮಣಿಕಟ್ಟು ಹಿಡಿದ. ಹಾರ್ಮೋನಿಯಂ ನುಡಿಸುತ್ತಿದ್ದವರು ಭೇಷ್ ಅಂದರು.

ಉಸ್ತಾದರು ಎದ್ದು ಮನೆಗೆ ನಡೆದರು.

ಸಂಜೆ ಅವರು ಮನೆ ಮುಂದಿನ ಹೊರಸಿನ ಮೇಲೆ ಮಲಗಿದ್ದಾಗ ನೀಲಗಂಗಾ ಹೋಗಿ ಪಕ್ಕದಲ್ಲಿ ಕೂತಳು.

"ಆ ಹಾಡನ್ನ ಇನ್ನೊಮ್ಮೆ ಹಾಡವ್ವ," ಅಂದರು.

ಅವಳು ಮನಸ್ಸಿಟ್ಟು ಒಂಬತ್ತೂ ಚರಣ ಹಾಡಿದಳು. ಮುಗಿಸಿ ಅವರ ಮುಖ ನೋಡಿದಳು. "ಹೇಗಿದೆ ಉಸ್ತಾದರೇ?"

"ಚೆನ್ನಾಗಿದೆ. ನಡುವೆ ನಾನು ಮೂರು ಸಲ ನಿನ್ನ ಕರೆದೆ."

"ಯಾವಾಗ? ನನಗೆ ಕೇಳಿಸಲೇ ಇಲ್ಲ."

"ಹೌದು," ಅಂದರು ಉಸ್ತಾದರು. "ಕೇಳಿಸಲಿಲ್ಲ."

ನೀಲಗಂಗಾ ತಲೆ ತಗ್ಗಿಸಿದಳು. "ಶೇವಂತಿಯವರನ್ನ ನೀವು ಏನಂತ ಕರೀತಿದ್ದಿರಿ?"

"ಬಾ ಅಂತ. ಅವಳು ಬಿಡಬೇಕಾದ ಹೊತ್ತು ನನಗೆ ಕಾಣ್ತಿತ್ತು, ಅವಳಿಗೆ ಕಾಣ್ತಿರಲಿಲ್ಲ. ಬಾ ಅಂದಾಗ ಬಿಡಬೇಕು."

"ಅವರಿಗೆ ಭಯ ಆಗ್ತಿರಲಿಲ್ಲವಾ?"

"ಎರಡನೇ ಸಲ ಹತ್ತಿದ ದಿನ ಏಣಿ ಅವಳ ಕಾಲಡಿ ಗಡಗಡ ಅಂತಿತ್ತು. ಭಯ ಇತ್ತು. ಹಾಡು ಇರಲಿಲ್ಲ."

"ಹಾಡಿಲ್ಲದಿದ್ದರೆ ಜನ ಏನು ಕೇಳಬೇಕು?"

"ಜನರ ಮಾತು ಹಾಗಿರಲಿ. ನೀನು ಏನು ಕೇಳಬೇಕು?"

ಅವಳಿಗೆ ಉತ್ತರ ಗೊತ್ತಿತ್ತು. ಹಾಡಿನ ಎರಡು ಚರಣಗಳನ್ನು ಏಣಿ ಹತ್ತುವ ದೃಶ್ಯಕ್ಕೆ ಸೇರಿಸಿದಳು. ಉಳಿದ ಏಳನ್ನು ಕೈಬಿಟ್ಟಳು. ಮರುದಿನ ಹಾಡಿಲ್ಲದೆ ಜೋಕಾಲಿ ಹತ್ತಿ ಹಾಸಿಗೆಯ ಮೇಲೆ ಬಿದ್ದಳು. ಅದರ ಮುಂದಿನ ಎರಡು ದಿನವೂ ಬಿದ್ದಳು. ನಾಲ್ಕನೆಯ ದಿನ ಬೀಳಲಿಲ್ಲ.

ಮೊದಲ ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ, ಅದೇ ಗೋದಾಮಿನಲ್ಲಿ. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿದ್ದರು. ಬಫೂನರ ಹಾಡಿಗೆ ಎಲ್ಲರಿಗಿಂತ ಮೊದಲು ಅವರೇ ಚಪ್ಪಾಳೆ ಹೊಡೆದರು.

ಏಣಿಯ ಹಾಡು ಮುಗಿಯಿತು. ಹಾರ್ಮೋನಿಯಂ ನಿಂತಿತು, ತಬಲಾ ನಿಂತಿತು.

ಮೇಲೆ ನೀಲಗಂಗಾ ಕೋಲು ಹಿಡಿದು ತೂಗತೊಡಗಿದಳು. ಹಗ್ಗ ತೊಲೆಗೆ ಉಜ್ಜುವ ಸದ್ದು ಕೇಳಿಸಿತು. ಯಾರದೋ ಕೆಮ್ಮು ಕೇಳಿಸಿತು. ತನ್ನ ಉಸಿರು ಕೇಳಿಸಿತು. ಭಯ ಇದ್ದ ಕಡೆಯೇ ಇತ್ತು.

"ಬಾ," ಅಂದ ಬಸಲಿಂಗ.

ಅವಳು ಕೋಲು ಬಿಟ್ಟಳು. ಈ ಸಲ ಕಣ್ಣು ತೆರೆದೇ ಇತ್ತು. ಎರಡು ಕೈಗಳು ತನ್ನತ್ತ ಬರುವುದನ್ನು ನೋಡಿದಳು. ಅವು ಅವಳ ಮಣಿಕಟ್ಟುಗಳನ್ನು ಭದ್ರವಾಗಿ ಹಿಡಿದವು.

ಎದ್ದ ಚಪ್ಪಾಳೆಗೆ ಗೋದಾಮಿನ ತಗಡಿನ ಮಾಡು ನಡುಗಿತು.

ಜನ ಕರಗಿದ ಮೇಲೆ ನೀಲಗಂಗಾ ಬಣ್ಣ ಒರೆಸದೆಯೇ ಓಡಿಬಂದು ಉಸ್ತಾದರ ಕಾಲಿಗೆರಗಿದಳು. ಅವರ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗು ಇತ್ತು.

"ಹೇಳಿ ಉಸ್ತಾದರೇ, ಆವತ್ತು ಹೀಗೇ ಇತ್ತಾ?"

"ನನಗೇನು ಗೊತ್ತವ್ವ," ಅಂದರು ಉಸ್ತಾದರು. "ಆವತ್ತು ತಲೆಕೆಳಗಾಗಿ ನೋಡಿದ್ದೆ. ನೆಟ್ಟಗೆ ಕೂತು ನೋಡಿದ್ದು ಇವತ್ತೇ."